ಬೆಕ್ಕು ಬಂದರು

ಜಗದೀಶ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರೂ ಅವನನ್ನು ತಪ್ಪು ತಿಳಿಯಬಾರದು. ವಾಸಂತಿಯ ಗಂಡ ಡಾಕ್ಟರ್ ಪ್ರಭಾಕರ ವಿದನ್‌ಶಾದ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದಾಗ, ಹಿಮ ಬಿದ್ದು ಬಸ್ಸು ನಿಂತ ದಿನಗಳಲ್ಲೂ ಅವಳನ್ನು ಸ್ಟಾಕ್‌ಪೋರ್ಟಿನ ಮನೆಯಿಂದ ಕರೆದುಕೊಂಡು ಹೋಗಿ, ಮತ್ತೆ ಮನೆಗೆ ಬಿಡುತ್ತಿದ್ದವನು ಅವನು. ಕಾರಿನ ಸೀಟಿನ ಮೇಲೆ ಅವಳಿಗೆಂದೇ ಒಂದು ಕಂಬಳಿ ಮಡಿಸಿ ಇಟ್ಟಿರುತ್ತಿದ್ದ. ಹೊದ್ದುಕೊಳ್ಳಿ ಎಂದು ಅವನೆಂದೂ ಹೇಳಲಿಲ್ಲವಂತೆ. ಕಂಬಳಿ ಸುಮ್ಮನೆ ಅಲ್ಲಿರುತ್ತಿತ್ತು, ಅಷ್ಟೆ.

ಅಂಥವನು ಮರುವರ್ಷ, 2006ರ ಯುಗಾದಿಗೆ ಕೆಲವು ವಾರ ಮುಂಚೆ, ವಾಸಂತಿಗೆ ಫೋನ್ ಮಾಡಿದ. ಆ ವರ್ಷ ಅವನೇ ನಮ್ಮ ಕನ್ನಡ ಕೂಟದ ಅಧ್ಯಕ್ಷ.

“ಅಕ್ಕಾ, ಈ ಸಲ ಯುಗಾದಿಗೆ ನೀವೇ ನಮ್ಮ ಗೌರವ ಅತಿಥಿ. ಮುಂದಿನ ಸಾಲಲ್ಲಿ ಕುರ್ಚಿ, ಶಾಲು, ಹೂವು, ಎಲ್ಲ ಇರತ್ತೆ.”

“ವಾರ್ಷಿಕ ಸಭೆ?”

“ಅದೂ ಇರತ್ತೆ, ಊಟಕ್ಕೆ ಮುಂಚೆ. ನಿಮಗ್ಯಾಕಕ್ಕಾ ಆ ತಲೆನೋವು? ನೀವು ಆರಾಮಾಗಿ ಕೂತಿರಿ.”

ಮರುದಿನ ವಾಸಂತಿ ಡಿಡ್ಸ್‌ಬರಿಗೆ ನಮ್ಮ ಮನೆಗೆ ಬಂದಳು. ನಮ್ಮ ಮನೆ ಎಂದರೆ ನನ್ನ ಮಗಳು ಸುಚೇತಾಳ ಮನೆ. ಅವಳು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಅಳಿಯ ಮಹೇಶ ಎಂಜಿನಿಯರು. ನಾನು ದಾವಣಗೆರೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು, ವರ್ಷಕ್ಕೊಮ್ಮೆ ಈ ಇಂಗ್ಲಿಷರ ನಾಡಿಗೆ ಬಂದು ಕೆಲವು ತಿಂಗಳು ಇದ್ದು ಹೋಗುತ್ತಿದ್ದೆ. ವಾಸಂತಿ ತಂದ ಚಕ್ಕುಲಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು, ಕೋಟು ಬಿಚ್ಚಲಿಲ್ಲ.

“ಭಾಗೀರಥಿ, ನನ್ನನ್ನು ಅತಿಥಿ ಮಾಡಿಬಿಟ್ರು,” ಅಂದಳು.

ವಿಷಯ ಹೀಗಿತ್ತು. ವಾಸಂತಿ ಇಪ್ಪತ್ತು ವರ್ಷದಿಂದ ಭಾನುವಾರ ಬೆಳಿಗ್ಗೆ ಕೂಟದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಮಕ್ಕಳು ಕಡಿಮೆಯಾಗಿದ್ದರು. ಆ ಹೊತ್ತಿಗೆ ತರಗತಿ ನಡೆಯುವ ಚರ್ಚಿನ ಹಾಲನ್ನು ಬ್ಯಾಡ್ಮಿಂಟನ್ನಿಗೆ ಕೊಡೋಣ ಎಂದು ಕೆಲವು ತಂದೆಯಂದಿರು ಕೇಳಿದ್ದರು. ಯುಗಾದಿ ಕಾರ್ಯಕ್ರಮದ ದಿನದ ಸಭೆಯಲ್ಲಿ ಅದು ಮತಕ್ಕೆ ಬರುವುದಿತ್ತು. ಮೂವತ್ತು ವರ್ಷದ ಹಿಂದೆ ಬರೆದ ಕೂಟದ ನಿಯಮದ ಪ್ರಕಾರ ಮನೆಗೊಂದು ಮತ. ಅದನ್ನು ಹಾಕಬೇಕಾದವರು ಮನೆಯ ಯಜಮಾನರು. ಪ್ರಭಾಕರ ಇದ್ದಾಗ ಅವರು ಕೈ ಎತ್ತುತ್ತಿದ್ದರು. ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಪಕ್ಕದಲ್ಲಿ ಕೂತ ವಾಸಂತಿ ಮೊಣಕೈಯಿಂದ ತಿವಿದು ಹೇಳುತ್ತಿದ್ದಳು.

“ಕೈ ಅವರದು, ಬುದ್ಧಿ ನಂದು. ಈಗ ಕೈಯೇ ಇಲ್ಲ ಅಂತಾರೆ,” ಎಂದು ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. “ಕ್ಲಾಸು ಹೋದ್ರೆ ಹೋಗ್ಲಿ. ಆದ್ರೆ ಅದು ಹೋಗೋವಾಗ ನಾನು ಮುಂದಿನ ಸಾಲಲ್ಲಿ ಶಾಲು ಹೊದ್ಕೊಂಡು ನೋಡ್ತಾ ಕೂತಿರ್ಬೇಕಾ?”

ಮೇಜಿನ ಇನ್ನೊಂದು ತುದಿಯಲ್ಲಿ ನನ್ನ ಮೊಮ್ಮಗಳು ಸಂಯುಕ್ತಾ ಪುಸ್ತಕಗಳ ಮಧ್ಯೆ ಕೂತಿದ್ದಳು. ಅವಳು ಎ ಲೆವೆಲ್, ಅಂದರೆ ಇಲ್ಲಿನ ಪಿಯುಸಿ, ಓದುತ್ತಿದ್ದಳು. ಚರಿತ್ರೆಗೆ ಒಂದು ದೊಡ್ಡ ಪ್ರಬಂಧ ಬರೆಯಬೇಕಿತ್ತು: ಕ್ರಾಂತಿಗಳನ್ನು ಮಾಡಿದ್ದು ಹದಿನೆಂಟನೇ ಶತಮಾನದ ವಿಚಾರವಂತರ ಬರಹವೋ, ಹಸಿದ ಜನರ ಹೊಟ್ಟೆಯೋ? ಅವಳು ತಲೆ ಎತ್ತಿ, “ದಟ್ಸ್ ಸೋ ಅನ್‌ಫೇರ್, ಆಂಟಿ,” ಅಂದಳು.

“ಕನ್ನಡದಲ್ಲಿ ಹೇಳಮ್ಮ,” ಅಂದಳು ವಾಸಂತಿ, ಅಭ್ಯಾಸಬಲದಿಂದ.

ಸಂಯುಕ್ತಾ ತುಟಿ ಬಿಗಿದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತಿತ್ತು. ಓದಲೂ ಬರುತ್ತಿತ್ತು. ಆದರೆ ನಾಲ್ಕು ಜನರೆದುರು ಆಡುವುದನ್ನು ನಿಲ್ಲಿಸಿ ಕೆಲವು ವರ್ಷಗಳಾಗಿದ್ದವು. ಅದಕ್ಕೆ ಕಾರಣ ಒಂದು ಬೆಕ್ಕು.

ವಾಸಂತಿಯ ತರಗತಿಯಲ್ಲಿ ಇಲ್ಲಿ ಹುಟ್ಟಿದ ಮಕ್ಕಳು ಅವನು, ಅವಳು, ಅದು ಎಂಬಲ್ಲಿ ಒದ್ದಾಡುತ್ತಿದ್ದರು. ಅಜ್ಜಿಯನ್ನು ‘ಬಂತು’ ಅಂದುಬಿಡುತ್ತಿದ್ದರು, ತಾತನನ್ನು ‘ಬಂದಳು’. ಬೇಸರಗೊಂಡ ಹಿರಿಯರನ್ನು ಸಮಾಧಾನ ಮಾಡಿ ಮಾಡಿ ಸಾಕಾದ ವಾಸಂತಿ ಒಂದು ದಾರಿ ಹೇಳಿಕೊಟ್ಟಳು: “ಗೊತ್ತಾಗದೇ ಇದ್ರೆ ‘ಅವರು’ ಅನ್ನಿ. ಬಂದರು, ಹೋದರು, ತಿಂದರು. ಅದರಲ್ಲಿ ಗಂಡಸೂ ಇದಾರೆ, ಹೆಂಗಸೂ ಇದಾರೆ. ಯಾರಿಗೂ ಬೇಜಾರಾಗಲ್ಲ.” ಮಕ್ಕಳು ಅದನ್ನು ಬಿಗಿಯಾಗಿ ಹಿಡಿದುಕೊಂಡರು. ಒಂದು ದೀಪಾವಳಿಗೆ ಹತ್ತು ವರ್ಷದ ಸಂಯುಕ್ತಾ ವೇದಿಕೆ ಹತ್ತಿ ಕಥೆ ಶುರುಮಾಡಿದಳು: “ಒಂದು ದಿನ ಬೆಕ್ಕು ಬಂದರು. ಬೆಕ್ಕು ಹಾಲು ಕುಡಿದರು.” ಸಭೆಗೆ ಸಭೆಯೇ ನಕ್ಕಿತು. ಹಿಂದಿನಿಂದ ಯಾರೋ, “ಬೆಕ್ಕಿನವರಿಗೆ ಒಂದು ಕುರ್ಚಿ ಹಾಕ್ರಪ್ಪಾ!” ಅಂದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಮಗು ಮಾತ್ರ ಕಥೆ ಮುಗಿಸದೆ ಇಳಿದುಬಂದಿತ್ತು.

ವಾಸಂತಿ ಚಕ್ಕುಲಿ ತಂದ ಆ ಸಂಜೆ ನಾವು ಮೂವರೂ ಸಂಯುಕ್ತಾಳ ಪ್ರಬಂಧಕ್ಕೆ ಕೂತೆವು. ವಾಸಂತಿ ಕೊನೆಗೂ ಕೋಟು ಬಿಚ್ಚಿದಳು. ನನ್ನ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯರಿಗೆ ಆ ಪರದೇಶದ ವಿಚಾರವಂತರ ಹೆಸರುಗಳು ನಾಲಿಗೆಗೆ ಸಿಗುತ್ತಿರಲಿಲ್ಲ. ಅದಕ್ಕೆ ನಾನು ಅವರನ್ನೆಲ್ಲ ಕಸುಬಿನಿಂದ ಕರೆಯುತ್ತಿದ್ದೆ. ಅವರಿಗೆಲ್ಲ ಹಿರಿಯ, ವೈದ್ಯಶಾಸ್ತ್ರ ಓದಿದವನೊಬ್ಬ ಇದ್ದ, ಅವನು ‘ಡಾಕ್ಟರು’. ಜಿನೀವಾದ ಗಡಿಯಾರ ಮಾಡುವವನ ಮಗ ‘ಗಡಿಯಾರ’. ಹೆಂಗಸರ ಒಳಕುಪ್ಪಸ ಹೊಲಿಯುವ ಕಸುಬಿನಿಂದ ಬಂದು ಎರಡು ದೇಶಗಳ ಕ್ರಾಂತಿಗೆ ಮಾತು ಕೊಟ್ಟವನು ‘ಕುಪ್ಪಸ’. ಸಂಯುಕ್ತಾಗೆ ಇದು ಬಹಳ ಹಿಡಿಸಿತು.

“ಸೋ, ಡಾಕ್ಟರು ಏನು ಹೇಳಿದರು?”

“ಆಳುವವನ ಅಧಿಕಾರ ದೇವರು ಕೊಟ್ಟಿದ್ದಲ್ಲ, ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಬಂದಿದ್ದು ಅಂದ. ಒಪ್ಪಿಗೆ ಮುರಿದರೆ ಅಧಿಕಾರವೂ ಮುರಿಯಿತು.”

ಕೆಲಸ ಮುಗಿಸಿ ಆಗ ತಾನೇ ಬಂದ ಸುಚೇತಾ ಬಾಗಿಲಲ್ಲಿ ಬೂಟು ಬಿಚ್ಚುತ್ತಾ ಹೇಳಿದಳು: “ಅದು ನಮ್ಮಲ್ಲೂ ಅಷ್ಟೇ ಅಮ್ಮ. ಪೇಷೆಂಟ್ ಸುಮ್ಮನೆ ತಲೆ ಆಡಿಸಿದ್ರೆ ನಾನು ಸೂಜಿ ಮುಟ್ಟಲ್ಲ. ಅರ್ಥ ಆಗಿ ಹೂಂ ಅಂದ್ರೇನೇ ಹೂಂ.”

“ಗಡಿಯಾರ?” ಎಂದು ಕೇಳಿದಳು ಸಂಯುಕ್ತಾ.

“ಎಲ್ಲರೂ ಸೇರಿ ಮಾಡಿದ ಕಾನೂನಿಗೆ ತಲೆಬಾಗೋದು ಗುಲಾಮಗಿರಿ ಅಲ್ಲ, ನಮಗೆ ನಾವೇ ಕೊಟ್ಟ ಮಾತು ಉಳಿಸಿಕೊಂಡ ಹಾಗೆ ಅಂದ. ಆದರೆ ಅವನ ‘ಎಲ್ಲರೂ’ ಅನ್ನೋದರಲ್ಲಿ ಹೆಂಗಸರು ಇರಲಿಲ್ಲ. ಹೆಣ್ಣುಮಕ್ಕಳು ಗಂಡಸರನ್ನು ಸಂತೋಷಪಡಿಸೋದು ಕಲಿತರೆ ಸಾಕು ಅಂದುಕೊಂಡಿದ್ದ. ರೇಷ್ಮೆ ನೇಯುವವರ ಮೊಮ್ಮಗಳೊಬ್ಬಳು ಎದ್ದು ಕೇಳಿದಳು, ಬುದ್ಧಿ ಇರೋರಿಗೆಲ್ಲ ಹಕ್ಕು ಅಂತೀರಿ, ನಮಗೇನು ಬುದ್ಧಿ ಇಲ್ಲವಾ ಅಂತ.”

ವಾಸಂತಿ ಚಕ್ಕುಲಿ ಮುರಿಯುತ್ತಿದ್ದವಳು ನಿಲ್ಲಿಸಿದಳು. “ಕುಪ್ಪಸದವನು ಏನಂದ?”

“ಹಕ್ಕು ಅನ್ನೋದು ಉಡುಗೊರೆ ಅಲ್ಲ ಅಂದ. ‘ನಿನಗೆ ಕೊಡ್ತೀನಿ’ ಅನ್ನೋನು ‘ಬೇಕಾದ್ರೆ ಕೊಡದೇ ಇರ್ತೀನಿ’ ಅಂತಲೂ ಹೇಳ್ತಾನೇ ಇರ್ತಾನೆ.”

ವಾಸಂತಿ ಕೈಲಿದ್ದ ಚಕ್ಕುಲಿಯನ್ನು ಡಬ್ಬಿಗೆ ವಾಪಸು ಇಟ್ಟಳು. ನನಗೆ ಜಗದೀಶನ ಕಂಬಳಿ ನೆನಪಾಯಿತು. ಪ್ರೀತಿಯಿಂದ ಕೊಟ್ಟದ್ದು ಎಷ್ಟು ಬೆಚ್ಚಗಿದ್ದರೂ ಕಂಬಳಿ ಬೇರೆ, ಕೈ ಎತ್ತುವ ಹಕ್ಕು ಬೇರೆ. ಇಷ್ಟು ವರ್ಷ ಪಾಠ ಹೇಳಿದರೂ ಈ ಭೇದ ಇಷ್ಟು ಹತ್ತಿರದಿಂದ ಕಂಡದ್ದು ನನಗೆ ಅಂದೇ.

ಅದಾದ ಮುಂದಿನ ಶನಿವಾರ ಸಂಯುಕ್ತಾ ನಮ್ಮಿಬ್ಬರನ್ನೂ ಪೇಟೆಗೆ ಕರೆದುಕೊಂಡು ಹೋದಳು. ನಮ್ಮೂರಿನ ಪಿಕಡಿಲಿ ನಿಲ್ದಾಣದಲ್ಲಿ ಇಳಿದು ಪೀಟರ್ ಸ್ಟ್ರೀಟಿನವರೆಗೆ ನಡೆದೆವು. ನನ್ನ ನಡಿಗೆ ನಿಧಾನ. ಹುಡುಗಿ ಅದನ್ನು ತೋರಗೊಡದೆ ಅಂಗಡಿಯ ಕಿಟಕಿ ಕಿಟಕಿಗೂ ನಿಲ್ಲುತ್ತಿದ್ದಳು. ಅವಳಿಗೆ ಬೇಡದ ಗಡಿಯಾರ, ಬೇಡದ ಪಾತ್ರೆ ಎಲ್ಲ ನೋಡಿದಳು. ಈಗ ಹೋಟೆಲಾಗಿರುವ ಒಂದು ಹಳೆಯ ಕಟ್ಟಡದ ಗೋಡೆಯ ಮೇಲೆ ನೀಲಿ ಫಲಕವೊಂದಿತ್ತು. 1819ರಲ್ಲಿ ಇಲ್ಲಿನ ಮೈದಾನದಲ್ಲಿ ಸಾವಿರಾರು ಜನ ಮತದ ಹಕ್ಕು ಕೇಳಲು ಸೇರಿದ್ದರು, ಕುದುರೆ ಸವಾರರು ಕತ್ತಿ ಹಿರಿದು ಅವರ ಮೇಲೆ ನುಗ್ಗಿದ್ದರು, ಜನ ಸತ್ತಿದ್ದರು. ಫಲಕ ಮಾತ್ರ ಸೇನೆ ಜನರನ್ನು ಚದುರಿಸಿತು ಎಂದಷ್ಟೇ ಹೇಳುತ್ತಿತ್ತು.

“ಚದುರಿಸಿತು!” ಅಂದಳು ವಾಸಂತಿ. “ಕಾಗೆಗಳನ್ನ ಚದುರಿಸಿದ ಹಾಗೆ. ಒಂದು ಪದ ನೋಡು, ಎಷ್ಟೆಲ್ಲ ಮುಚ್ಚಿಬಿಡತ್ತೆ.”

ಸಂಯುಕ್ತಾ ಲೈಬ್ರರಿಯಲ್ಲಿ ಓದಿದ್ದನ್ನು ಹೇಳಿದಳು. ಆ ದಿನ ಬಿಳಿ ಬಟ್ಟೆ ತೊಟ್ಟ ಹೆಂಗಸರೂ ಬಂದಿದ್ದರು. ಅದೇ ವರ್ಷ ಸ್ಟಾಕ್‌ಪೋರ್ಟಿನ ಹೆಂಗಸರು ತಮ್ಮದೇ ಒಂದು ಸಂಘ ಕಟ್ಟಿದ್ದರು. ಮೊದಲ ಸಭೆಯಲ್ಲಿ ಗಂಡಸರನ್ನು ದಯವಿಟ್ಟು ಹೊರಗಿರಿ ಎಂದು ಕೇಳಿಕೊಂಡರಂತೆ. ಗುಟ್ಟು ಏನೂ ಇರಲಿಲ್ಲ. ರಾಜಕೀಯ ಮಾತಾಡಿ ಅಭ್ಯಾಸವಿಲ್ಲ, ತಪ್ಪಾದರೆ ನಗುತ್ತಾರೆ ಎಂಬ ಅಂಜಿಕೆ, ಅಷ್ಟೆ.

“ನಮ್ಮ ಸ್ಟಾಕ್‌ಪೋರ್ಟಿನವರಾ?” ವಾಸಂತಿಯ ಮುಖ ಅರಳಿತು, ತನ್ನ ಬೀದಿಯವರ ಸುದ್ದಿ ಕೇಳಿದ ಹಾಗೆ. “ನಗ್ತಾರೆ ಅಂತ ಹೆದರಿದ್ರು, ಆದ್ರೂ ಮಾತಾಡಿದ್ರು.”

ಸಂಯುಕ್ತಾ ಫಲಕವನ್ನೇ ನೋಡುತ್ತಿದ್ದಳು.

ಯುಗಾದಿಯ ಕಾರ್ಯಕ್ರಮ ನಡೆದದ್ದು ಎಂದಿನಂತೆ ಹಬ್ಬ ಕಳೆದ ವಾರಾಂತ್ಯಕ್ಕೆ, ಚರ್ಚಿನ ಹಾಲಿನಲ್ಲಿ. ಬೇವು ಬೆಲ್ಲದ ಬಟ್ಟಲಿನಲ್ಲಿ ಬೇವು ಒಣಗಿದ್ದು, ಯಾರೋ ಬೆಂಗಳೂರಿನಿಂದ ತಂದದ್ದು. ವಾಸಂತಿಯನ್ನು ಮುಂದಿನ ಸಾಲಿನಲ್ಲಿ ದಿಂಬಿಟ್ಟ ಕುರ್ಚಿಯಲ್ಲಿ ಕೂರಿಸಿ ಜಗದೀಶ ಕೈಯಾರೆ ಶಾಲು ಹೊದಿಸಿದ. ನಾನು, ಸುಚೇತಾ, ಮಹೇಶ, ಸಂಯುಕ್ತಾ ಅವಳ ಹಿಂದಿನ ಸಾಲಿನಲ್ಲಿದ್ದೆವು.

ನಮ್ಮ ಕೂಟದ ಸಭೆಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಮತ ಎಣಿಸುವ ಪದ್ಧತಿಯೇ ಕಡಿಮೆ. “ಎಲ್ಲರಿಗೂ ಒಪ್ಪಿಗೆ ಅಲ್ವಾ?” ಎಂದು ಅಧ್ಯಕ್ಷರು ಕೇಳುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿರುತ್ತದೆ. ಆ ದಿನವೂ ಲೆಕ್ಕಪತ್ರಕ್ಕೆ ಚಪ್ಪಾಳೆ ಬಿತ್ತು. ಹೊಸ ಸಮಿತಿಗೆ ಚಪ್ಪಾಳೆ ಬಿತ್ತು. ಆಮೇಲೆ ಜಗದೀಶ ಭಾನುವಾರದ ತರಗತಿಯ ವಿಷಯಕ್ಕೆ ಬಂದ. ಬ್ಯಾಡ್ಮಿಂಟನ್ ಬೇಕೆಂದವರು ಎದ್ದು ಎರಡು ಮಾತಾಡಿದರು. ಮಕ್ಕಳು ಬರುವುದಿಲ್ಲ, ಹಾಲು ಖಾಲಿ ಬೀಳುತ್ತದೆ. ಅವರು ಹೇಳಿದ್ದೂ ಸುಳ್ಳಲ್ಲ.

ಜಗದೀಶ ವಾಸಂತಿಯ ಮುಖ ನೋಡಿದ. ಅವನಿಗೆ ತಡೆಯಲಾಗಲಿಲ್ಲ ಅನ್ನಿಸುತ್ತದೆ.

“ನೋಡಿ, ವಾಸಂತಿ ಅಕ್ಕ ನಮ್ಮ ಕೂಟಕ್ಕೆ ಎಷ್ಟು ಮಾಡಿದಾರೆ ಅಂತ ಎಲ್ಲರಿಗೂ ಗೊತ್ತು. ಈ ವಿಷಯ ಮತಕ್ಕೆ ಹಾಕೋದೇ ಬೇಡ. ಕ್ಲಾಸು ಇನ್ನೊಂದು ವರ್ಷ ನಡೀಲಿ. ಇದು ಅಕ್ಕನಿಗೆ ಕೂಟದ ಯುಗಾದಿ ಉಡುಗೊರೆ. ಒಪ್ಪಿಗೆ ಅಲ್ವಾ?”

ದೊಡ್ಡ ಚಪ್ಪಾಳೆ. ನಾನೂ ತಟ್ಟಲು ಕೈ ಎತ್ತಿದ್ದೆ. ವಾಸಂತಿ ಎದ್ದು ನಿಂತಳು.

“ಬೇಡ ಜಗದೀಶ.”

ಚಪ್ಪಾಳೆ ಅಲ್ಲಲ್ಲೇ ನಿಂತಿತು.

“ನಿನ್ನ ಮನಸ್ಸು ನನಗೆ ಗೊತ್ತು ಕಣೋ. ಆದ್ರೆ ಉಡುಗೊರೆ ಬೇಡ. ಮತಕ್ಕೆ ಹಾಕು. ನಾನೂ ಹಾಕ್ತೀನಿ. ಸೋತ್ರೆ ಸೋಲ್ತೀನಿ.”

“ಅಕ್ಕಾ, ಉಳೀತಲ್ಲ ಕ್ಲಾಸು! ಮತ್ತೆ ಯಾಕೆ?” ಅವನ ದನಿಯಲ್ಲಿ ನೋವಿತ್ತು. “ನಿಯಮ ನಾನು ಮಾಡಿದ್ದಲ್ಲ. ಯಜಮಾನರು ಮತ ಹಾಕಬೇಕು ಅಂತಿದೆ. ನಿಮ್ಮ ಯಜಮಾನರು ಈಗ...” ಮುಂದೆ ಹೇಳಲಾರದೆ ನಿಲ್ಲಿಸಿದ.

“ನಿಯಮ ಓದಿ ನೋಡೋಣ?” ಎಂದು ಯಾರೋ ಅಂದರು. ಜಗದೀಶ ಪ್ರತಿಯನ್ನು ಹುಡುಕಿ ತೆಗೆದ. ಓದಲು ಕನ್ನಡಕ ಬೇಕಿತ್ತು, ಅದು ಕಾರಿನಲ್ಲಿತ್ತು. ಅಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು. ಸಂಯುಕ್ತಾ ಎದ್ದಿದ್ದಳು.

“ನಾನು ಓದ್ತೀನಿ ಅಂಕಲ್,” ಅಂದಳು. ಕನ್ನಡದಲ್ಲಿ.

ಸುಚೇತಾ ನನ್ನ ಕೈ ಹಿಡಿದುಕೊಂಡಳು. ಹುಡುಗಿ ಮುಂದೆ ಹೋಗಿ ಹಾಳೆ ತೆಗೆದುಕೊಂಡು ಒಂದೊಂದೇ ಪದವನ್ನು ಬಿಡಿಸಿ ಓದಿದಳು: “ಮನೆಗೆ ಒಂದು ಮತ. ಮನೆಯ ಯಜಮಾನರು ಸಭೆಗೆ ಬಂದು ಮತ ಹಾಕತಕ್ಕದ್ದು.” ತಲೆ ಎತ್ತಿದಳು. ಕಿವಿ ಕೆಂಪಾಗಿತ್ತು. “ಅಂಕಲ್, ಇಲ್ಲಿ ‘ಯಜಮಾನನು’ ಇಲ್ಲ. ‘ಯಜಮಾನರು’ ಇದೆ. ‘ರು’ ಇದೆ.”

“ಅದು ಗೌರವಕ್ಕಮ್ಮ.”

“ಹೌದು. ಆದರೆ ವಾಸಂತಿ ಆಂಟಿ ಹೇಳಿದರು, ‘ರು’ ಇದ್ದರೆ ಗಂಡಸೂ ಇದಾರೆ, ಹೆಂಗಸೂ ಇದಾರೆ. ಯಜಮಾನರು ಬಂದರು ಅಂದರೆ, ಗಂಡಸು ಬಂದರು ಅಂತ ಎಲ್ಲಿ ಇದೆ? ನೀವು ತೋರಿಸಿ.” ಸ್ವಲ್ಪ ತಡೆದಳು. “ಆಂಟಿ ಮನೇಲಿ ಕಸದ ಬಿನ್ ಯಾರು ಹೊರಗೆ ಇಡ್ತಾರೆ? ಬಾಯ್ಲರ್ ಕೆಟ್ಟರೆ ಯಾರು ಫೋನ್ ಮಾಡ್ತಾರೆ? ಅವರೇ ಯಜಮಾನರು.”

ನಾನು ಸುತ್ತಲಿನ ಮುಖಗಳನ್ನು ನೋಡಿದೆ, ಎಲ್ಲಿ ನಗುತ್ತಾರೋ ಎಂದು.

ನಕ್ಕವರು ಒಬ್ಬರೇ. ಮೂಲೆಯಲ್ಲಿ ಕೋಲಿನ ಮೇಲೆ ಗದ್ದವಿಟ್ಟು ಕೂತಿದ್ದ ಡಾಕ್ಟರ್ ಬಸವಲಿಂಗಪ್ಪ. ಧಾರವಾಡದವರು, ನಿವೃತ್ತ ಸರ್ಜನ್, ಮೂವತ್ತು ವರ್ಷದ ಹಿಂದೆ ಆ ನಿಯಮವನ್ನು ಬರೆದವರು ಅವರೇ.

“ಏ ಜಗದೀಶ, ಏನ್ ನನ್ನ ಮಾರಿ ನೋಡ್ತೀಯೋ? ಖರೇ ಹೇಳ್ತೀನಿ. ನಾ ಬರೆಯೂ ಮುಂದ ಗಂಡಸೂರನ್ನ ಬಿಟ್ಟು ಬ್ಯಾರೆ ಯಾರೂ ನನ್ನ ತಲ್ಯಾಗ ಇದ್ದಿಲ್ಲ. ಮರ್ಯಾದಿಗೆ ಒಂದು ‘ರು’ ಹಚ್ಚಿದೆ, ಅಷ್ಟ. ಆದ್ರ ಆ ‘ರು’ ನನಕಿಂತ ಶಾಣ್ಯಾ ಇತ್ತು ನೋಡು. ನಾ ಬಾಗಲಾ ಹಾಕೇನಿ ಅಂತ ತಿಳಕೊಂಡಿದ್ದೆ, ಅದು ತಗದ ಇಟ್ಟಿತ್ತು.” ಆಮೇಲೆ ಸಂಯುಕ್ತಾಳನ್ನು ದಿಟ್ಟಿಸಿ, “ಬೆಕ್ಕು ಬಂದರು ಅಂದಾಕಿ ನೀನ ಹೌದಲ್ಲವಾ, ತಂಗಿ? ಕುರ್ಚಿ ಹಾಕ್ರಿ ಅಂತ ಚಾಷ್ಟಿ ಮಾಡಿದಾಂವ ನಾನ. ಈಗ ಖರೇನ ಹಾಕ್ರೋ ಒಂದು ಕುರ್ಚಿ, ಆಕೀಗೆ!”

ಆಗ ಎಲ್ಲರೂ ನಕ್ಕರು. ಸಂಯುಕ್ತಾ ಕೂಡ.

ಡಾಕ್ಟರು, ಗಡಿಯಾರ, ಕುಪ್ಪಸ, ಮೂವರೂ ನನ್ನ ಕಣ್ಮುಂದೆ ಬಂದು ಹೋದರು. ಮನುಷ್ಯರೆಲ್ಲ ಸಮಾನರು ಎಂದು ಬರೆದವರು ಆ ‘ಎಲ್ಲ’ದೊಳಗೆ ತಮ್ಮಂಥ ಕೆಲವರನ್ನಷ್ಟೇ ಕಂಡಿದ್ದರು. ಆದರೆ ಬರೆದ ಪದ ಅವರ ಕೈಬಿಟ್ಟು ನಡೆಯಿತು. ನೇಕಾರರ ಮನೆಗೆ, ಗುಲಾಮರ ಗುಡಿಸಲಿಗೆ, ಬಿಳಿ ಬಟ್ಟೆಯ ಹೆಂಗಸರ ಬಳಿಗೆ. ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದ ಮಾತಿದು. ಅದು ನಡೆಯುವುದನ್ನು ಕಣ್ಣಾರೆ ಕಂಡದ್ದು ಅಲ್ಲಿ, ಒಗ್ಗರಣೆಯ ವಾಸನೆಯ ಮಧ್ಯೆ, ನನ್ನ ಮೊಮ್ಮಗಳ ಬಾಯಲ್ಲಿ. ಸುಚೇತಾ ತನ್ನ ಚೀಲದಿಂದ ಕರವಸ್ತ್ರ ತೆಗೆದು ನನ್ನ ತೊಡೆಯ ಮೇಲಿಟ್ಟು, ನನ್ನನ್ನು ನೋಡದೆ ವೇದಿಕೆಯನ್ನೇ ನೋಡುತ್ತಾ ಕೂತಳು.

ಜಗದೀಶ ಹಾಳೆಯನ್ನು ವಾಪಸು ತೆಗೆದುಕೊಂಡ. ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ಆ ಒಂದು ಪದವನ್ನು ನೋಡಿದ. ಆಮೇಲೆ ನೆಟ್ಟಗೆ ನಿಂತು, ಬೇರೆಯೇ ದನಿಯಲ್ಲಿ ಹೇಳಿದ:

“ಚಪ್ಪಾಳೆ ಬೇಡ. ಕೈ ಎತ್ತಿ, ಎಣಿಸೋಣ. ತರಗತಿ ಮುಂದುವರೀಬೇಕು ಅನ್ನೋರು?” ಮೊದಲು ಮುಂದಿನ ಸಾಲಿಗೆ ತಿರುಗಿದ. “ಯಜಮಾನರೇ, ನಿಮ್ಮ ಮತ?”

ವಾಸಂತಿ ಕೈ ಎತ್ತಿದಳು. ಎತ್ತುವಾಗ ಶಾಲು ಜಾರಿ ಕುರ್ಚಿಯ ಮೇಲೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲು ಬಗ್ಗಲಿಲ್ಲ. ಬಳೆಯಿಲ್ಲದ, ತೆಳ್ಳಗಿನ ಕೈ ನೇರವಾಗಿ ನಿಂತಿತು. ಅವಳ ಹಿಂದೆ ಒಂದೊಂದಾಗಿ ಕೈಗಳು ಎದ್ದವು. ಮಹೇಶ ಕೈ ಎತ್ತಲು ಹೋದಾಗ ಸುಚೇತಾ ಅವನ ತೋಳು ಹಿಡಿದು ಇಳಿಸಿದಳು.

“ನಮ್ಮನೇಲೂ ಬಿನ್ ಇಡೋದು ನಾನೇ,” ಅಂದಳು, ಎಲ್ಲರಿಗೂ ಕೇಳುವಂತೆ, ಮತ್ತು ತನ್ನ ಕೈ ಎತ್ತಿದಳು.

ಮಹೇಶ ಸುತ್ತ ನೋಡಿ, “ಮಂಗಳವಾರ ನಾನಿಡ್ತೀನಿ,” ಅಂದ, ಯಾರೂ ಕೇಳಲಿಲ್ಲ. ಹಾಲಿನ ತುಂಬ ಗುಜುಗುಜು. ನಮ್ಮನೇಲಿ ಬಾಯ್ಲರ್, ನಮ್ಮನೇಲಿ ಕೌನ್ಸಿಲ್ ಟ್ಯಾಕ್ಸು, ನಮ್ಮನೇಲಿ ಕಾರಿನ ಎಂಓಟಿ ತಪಾಸಣೆ. ಯಾವ ಮನೆಯಲ್ಲಿ ಯಾರು ಯಜಮಾನರು ಎಂಬುದು ಹಾಲಿನ ತುಂಬ ಹೊಸದಾಗಿ ತೀರ್ಮಾನವಾಗುತ್ತಿತ್ತು. ಹಿಂದಿನ ಸಾಲಿನ ಹರ್ಷಿತಾ ಎಂಬ ಹೊಸ ಮದುವಣಗಿತ್ತಿ ತನ್ನ ಗಂಡನನ್ನು, “ಮನೆಗೊಂದು ಯಾಕೆ? ತಲೆಗೊಂದು ಮಾಡಿದ್ರೆ ಜಗಳವೇ ಇಲ್ಲ,” ಎಂದು ಕೇಳುತ್ತಿದ್ದಳು. ಬಸವಲಿಂಗಪ್ಪನವರು ಕೋಲು ಕುಟ್ಟಿ, “ಬರ್ಕೋರಿ, ಮುಂದಿನ ಸಭಾಕ್ಕ ಆ ವಿಷಯ!” ಅಂದರು.

ತರಗತಿ ಉಳಿಯಿತು. ಬ್ಯಾಡ್ಮಿಂಟನ್ ಕೇಳಿದವರಲ್ಲೇ ಒಬ್ಬರು ಬಂದು, ಆಟ ಮಧ್ಯಾಹ್ನಕ್ಕೆ ಇಟ್ಟುಕೊಂಡು ಬೆಳಿಗ್ಗೆ ತಮ್ಮ ಮಗನನ್ನು ತರಗತಿಗೆ ಕಳಿಸುವುದಾಗಿ ವಾಸಂತಿಗೆ ಹೇಳಿ ಹೋದರು.

ಊಟಕ್ಕೆ ಸಾಲು ಶುರುವಾಯಿತು. ಗೌರವ ಅತಿಥಿಗೆಂದು ಮುಂದೆ ಒಂದು ಮೇಜಿಗೆ ಬಟ್ಟೆ ಹಾಸಿ, ಹೋಳಿಗೆ ಬಡಿಸಿ ಇಟ್ಟಿದ್ದರು. ವಾಸಂತಿ ಅದನ್ನು ದಾಟಿ ಹೋಗಿ, ಪೇಪರ್ ತಟ್ಟೆ ಹಿಡಿದು, ಸಾಲಿನ ಕೊನೆಯಲ್ಲಿ ನಮ್ಮ ಜೊತೆ ನಿಂತಳು. ಮುಂದಿದ್ದವರೆಲ್ಲ ಬದಿಗೆ ಸರಿದು, “ನೀವು ಮುಂದೆ ಬನ್ನಿ ಆಂಟಿ,” ಎಂದರು.

“ಇಲ್ಲಪ್ಪ. ಯಜಮಾನರು ಸಾಲಲ್ಲೇ ನಿಲ್ತಾರೆ,” ಅಂದಳು.

ಬಾಗಿಲಿನಿಂದ ಏಪ್ರಿಲ್‌ನ ಗಾಳಿ ತಣ್ಣಗೆ ಬರುತ್ತಿತ್ತು. ಜಗದೀಶ ಮುಂದಿನ ಸಾಲಿಗೆ ಹೋಗಿ ಅವಳ ಕುರ್ಚಿಯ ಮೇಲೆ ಬಿದ್ದಿದ್ದ ಶಾಲನ್ನು ಎತ್ತಿ, ಚೆನ್ನಾಗಿ ಮಡಿಸಿದ. ತಾನೂ ಒಂದು ತಟ್ಟೆ ತೆಗೆದುಕೊಂಡು ಬಂದು ನಮ್ಮ ಹಿಂದೆ ಸಾಲಿನಲ್ಲಿ ನಿಂತ. ಶಾಲನ್ನು ತೋಳಿನ ಮೇಲೆ ಹಾಕಿಕೊಂಡಿದ್ದ. ಹೊದ್ದುಕೊಳ್ಳಿ ಎಂದು ಹೇಳಲಿಲ್ಲ. ಸಾಲು ಅರ್ಧ ಕರಗುವಷ್ಟರಲ್ಲಿ ವಾಸಂತಿ ತಿರುಗಿ ನೋಡದೆಯೇ ಕೈ ಹಿಂದಕ್ಕೆ ಚಾಚಿದಳು, ಅವನು ಕೊಟ್ಟ.